ಆರು ತಿಂಗಳೆಂದರೆ ಆರು ತಿಂಗಳು

ಕೇಳುಗರೆಲ್ಲರಿಗೂ ನಮಸ್ಕಾರ. ಕ್ಷಯ ವಾಸಿಯಾಗುವ ಕಾಯಿಲೆ. ಮಾತ್ರೆಯನ್ನು ಆರು ತಿಂಗಳು ಪೂರ್ತಿ ನುಂಗಬೇಕು, ಒಂದು ದಿನವೂ ತಪ್ಪಿಸಬಾರದು. ಇವತ್ತು ನಾನು ಹೇಳಲು ಬಂದಿರುವುದು ಇದೊಂದೇ ಮಾತು.

2024ರಲ್ಲಿ ಜಗತ್ತಿನಲ್ಲಿ 1 ಕೋಟಿಗೂ ಹೆಚ್ಚು ಜನರಿಗೆ ಕ್ಷಯ ಬಂತು, 12 ಲಕ್ಷಕ್ಕೂ ಹೆಚ್ಚು ಜನ ತೀರಿಕೊಂಡರು. ಔಷಧಿ ಇರುವ ಕಾಯಿಲೆಗೆ ಇಷ್ಟು ಸಾವು! 2015ಕ್ಕೆ ಹೋಲಿಸಿದರೆ 2030ರೊಳಗೆ ಸಾವನ್ನು ಶೇ 90ರಷ್ಟು ಇಳಿಸುವುದು ವಿಶ್ವ ಆರೋಗ್ಯ ಸಂಸ್ಥೆಯ ಗುರಿ. ಇಲ್ಲಿಯವರೆಗೆ ಮೂರರಲ್ಲೊಂದು ಪಾಲೂ ಇಳಿದಿಲ್ಲ.

ಮಾತ್ರೆಯ ಮೇಲೆ ಇಷ್ಟು ಒತ್ತು ಯಾಕೆ ಎನ್ನುತ್ತೀರಾ? ಮದ್ರಾಸಿನ ಪ್ರಯೋಗವನ್ನು ಕೇಳಿ. ಒಂದು ಕಾಲಕ್ಕೆ ಕ್ಷಯ ಬಂದರೆ ಸ್ಯಾನಿಟೋರಿಯಮ್ಮೇ, ಅಂದರೆ ಕ್ಷಯರೋಗಿಗಳನ್ನು ಇರಿಸಿಕೊಳ್ಳುವ ಆಸ್ಪತ್ರೆಯೇ ಗತಿ. ಒಳ್ಳೆಯ ಗಾಳಿ, ವಿಶ್ರಾಂತಿ, ಪುಷ್ಟಿಯಾದ ಊಟ ಬೇಕು ಎನ್ನುತ್ತಿದ್ದರು. ರೋಗಿಗಳು ಲಕ್ಷಗಟ್ಟಲೆ, ಹಾಸಿಗೆ ಬೆರಳೆಣಿಕೆಯಷ್ಟು. 1956ರಲ್ಲಿ ಅಲ್ಲಿನ ವೈದ್ಯರು ಸುಮಾರು 190 ಬಡ ರೋಗಿಗಳನ್ನು ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿದರು. ಒಂದು ಗುಂಪು ಸ್ಯಾನಿಟೋರಿಯಮ್ಮಿಗೆ ಹೋಯಿತು. ಇನ್ನೊಂದು ಗುಂಪು ತಮ್ಮ ಇಕ್ಕಟ್ಟಾದ ಮನೆಗಳಲ್ಲೇ, ಅರೆಹೊಟ್ಟೆಯಲ್ಲೇ ಉಳಿಯಿತು. ಇಬ್ಬರಿಗೂ ಅದೇ ಔಷಧಿ, ಒಂದು ವರ್ಷ. ಮನೆಯಲ್ಲಿದ್ದ ರೋಗಿಗಳು ಮಾತ್ರೆ ನುಂಗುತ್ತಿದ್ದಾರೋ ಇಲ್ಲವೋ ಎಂದು ಹೇಳದೆ ಕೇಳದೆ ಮನೆಗೆ ಹೋಗಿ ಡಬ್ಬಿಯಲ್ಲಿ ಉಳಿದ ಮಾತ್ರೆ ಎಣಿಸುತ್ತಿದ್ದರು, ಮೂತ್ರದಲ್ಲಿ ಔಷಧಿಯ ಅಂಶ ಇದೆಯೇ ಎಂದು ನೋಡುತ್ತಿದ್ದರು. 1959ರಲ್ಲಿ ಫಲಿತಾಂಶ ಹೊರಬಂತು. ಮನೆಯಲ್ಲಿದ್ದವರೂ ಹೆಚ್ಚುಕಡಿಮೆ ಅಷ್ಟೇ ಚೆನ್ನಾಗಿ ಗುಣವಾಗಿದ್ದರು. ಅವರ ಮನೆಮಂದಿಗೆ ಕಾಯಿಲೆ ಹೆಚ್ಚಾಗಿ ಅಂಟಿಯೂ ಇರಲಿಲ್ಲ. ಸ್ಯಾನಿಟೋರಿಯಂ ಯುಗ ಮುಗಿಯುತ್ತಾ ಬಂತು. ಕ್ಷಯದ ಚಿಕಿತ್ಸೆ ಜಗತ್ತಿನ ಬಡವರ ಮನೆಬಾಗಿಲಿಗೆ ಬರಲು ದಾರಿಯಾಯಿತು. ಮಾತ್ರೆ ಎಣಿಸಿದ ಆ ಡಬ್ಬಿಯನ್ನು ಮಾತ್ರ ಮರೆಯಬೇಡಿ.

ಯಾಕೆಂದರೆ ಎಡವಟ್ಟಾಗುವುದು ಅಲ್ಲೇ. ಮೊದಲ 2 ತಿಂಗಳು ನಾಲ್ಕು ಔಷಧಿ: ಐಸೋನಿಯಜಿಡ್, ರಿಫಾಂಪಿಸಿನ್, ಪೈರಜಿನಮೈಡ್, ಎಥಾಂಬ್ಯುಟಾಲ್. ನಾಲ್ಕೂ ಸೇರಿದ ಒಂದೇ ಮಾತ್ರೆ ಬರುತ್ತದೆ; ದಿನಕ್ಕೆ ಎಷ್ಟು ಎಂಬುದು ನಿಮ್ಮ ತೂಕದ ಮೇಲೆ. ಆಮೇಲೆ 4 ತಿಂಗಳು, ನಮ್ಮ ದೇಶದಲ್ಲಿ, ಪೈರಜಿನಮೈಡ್ ಬಿಟ್ಟು ಉಳಿದ ಮೂರು. ಮೂರು ನಾಲ್ಕು ವಾರಕ್ಕೇ ಜ್ವರ ಬಿಡುತ್ತದೆ, ಕೆಮ್ಮು ತಗ್ಗುತ್ತದೆ, ಹಸಿವಾಗುತ್ತದೆ. ‘ಗುಣವಾಯಿತು’ ಎಂದು ಮಾತ್ರೆ ಬಿಡುತ್ತಾರೆ. ಗುಣವಾಗಿಲ್ಲ! ಈ ರೋಗಾಣು ಬಲು ನಿಧಾನಿ, ಒಂದು ಎರಡಾಗಲು ಸುಮಾರು 20 ಗಂಟೆ ಬೇಕು. ಕೆಲವಂತೂ ಒಳಗೆ ಮಲಗಿಬಿಟ್ಟಿರುತ್ತವೆ. ಕೊನೆಯ ನಾಲ್ಕು ತಿಂಗಳು ಇರುವುದೇ ಆ ಮಲಗಿದವುಗಳಿಗಾಗಿ. ಬಿಟ್ಟು ಬಿಟ್ಟು ನುಂಗಿದರೆ ಔಷಧಿಗೆ ಬಗ್ಗದ ರೋಗಾಣು ಬೆಳೆಯುತ್ತದೆ. ಅದಕ್ಕೂ 2022ರಿಂದ ಆರು ತಿಂಗಳ, ಬರೀ ಮಾತ್ರೆಯ ಚಿಕಿತ್ಸೆ ಇದೆ, ನಿಜ. ಅಲ್ಲಿಯವರೆಗೆ ಹೋಗುವುದೇ ಬೇಡ.

ರಿಫಾಂಪಿಸಿನ್‌ನಿಂದ ಮೂತ್ರ ಕಿತ್ತಳೆ ಬಣ್ಣಕ್ಕೆ ತಿರುಗುತ್ತದೆ. ಅದು ರಕ್ತವಲ್ಲ, ಹೆದರಿ ಮಾತ್ರೆ ಬಿಡಬೇಡಿ. ಪಾದ ಜುಮುಗುಟ್ಟಿದರೆ ಹೇಳಿ, ಬಿ6 ಜೀವಸತ್ವ ಕೊಡುತ್ತಾರೆ. ಕಣ್ಣು ಹಳದಿಯಾದರೆ, ವಾಂತಿ ನಿಲ್ಲದಿದ್ದರೆ, ಕೆಂಪು ಹಸಿರು ಗುರುತು ಸಿಗದಿದ್ದರೆ ಅದೇ ದಿನ ವೈದ್ಯರ ಬಳಿ ಹೋಗಿ.

ಸಮಯ ಮುಗಿಯುತ್ತಾ ಬಂತು, ಕಫದ ಪರೀಕ್ಷೆಯ ಬಗ್ಗೆ ಎರಡೇ ಮಾತು. ಎರಡು ವಾರ ದಾಟಿದ ಕೆಮ್ಮಿಗೆ ಪರೀಕ್ಷೆ ಬೇಕೇ ಬೇಕು. ಬೆಳಿಗ್ಗೆ ಬಾಯಿ ಮುಕ್ಕಳಿಸಿ, ಬಯಲಲ್ಲಿ ನಿಂತು, ಎದೆಯಾಳದಿಂದ ಕೆಮ್ಮಿ ಒಂದು ಟೀ ಚಮಚದಷ್ಟು ಕಫ ಕೊಡಿ. ಎಂಜಲು ಕೊಟ್ಟರೆ ರೋಗ ಇದ್ದರೂ ಪತ್ತೆಯಾಗದೆ ಹೋಗಬಹುದು. ಹೊಸ ಯಂತ್ರ ಎರಡು ಗಂಟೆಯೊಳಗೆ ರೋಗಾಣು ಇದೆಯೇ, ರಿಫಾಂಪಿಸಿನ್‌ಗೆ ಬಗ್ಗುತ್ತದೆಯೇ ಎಂದು ಹೇಳುತ್ತದೆ.

ರೋಗಿಯ ಮನೆಯವರೆಲ್ಲರಿಗೂ ತಪಾಸಣೆ ಆಗಬೇಕು. ಕಾಯಿಲೆ ಇಲ್ಲದವರಿಗೆ, ಬಾರದ ಹಾಗೆ ತಡೆಯುವ ಮಾತ್ರೆ ಇದೆ, ವಾರಕ್ಕೊಮ್ಮೆಯಂತೆ 12 ವಾರ. ಅದನ್ನೂ ಹನ್ನೆರಡು ವಾರ ಪೂರ್ತಿ ನುಂಗಿ. ನಮಸ್ಕಾರ.