ಪುಟ್ಟ ಮಕ್ಕಳ ಜೊತೆ ದೋಣಿಯಲ್ಲಿ ಐದು ವಾರ

ಎಲ್ಲರಿಗೂ ನಮಸ್ಕಾರ.

ಕೆನಡಾದ ಪಶ್ಚಿಮ ಕರಾವಳಿಯಲ್ಲಿ ನಾವು ದೋಣಿ ಹತ್ತಿ ಹೊರಟಾಗ ದೊಡ್ಡವಳಿಗೆ ಮೂರು ವರ್ಷ, ಚಿಕ್ಕವನಿಗೆ ಒಂದೂವರೆ. ನಮ್ಮದು 32 ಅಡಿಯ ಹಾಯಿದೋಣಿ. “ಇಷ್ಟು ಸಣ್ಣ ಮಕ್ಕಳನ್ನು ಕಟ್ಟಿಕೊಂಡು ಸಮುದ್ರಕ್ಕಾ?” ಎಂದು ಊರಿನಿಂದ ಅಮ್ಮ ಫೋನಿನಲ್ಲಿ ಕೇಳಿದ್ದರು. ಅವರು ಕೇಳಿದ್ದರಲ್ಲಿ ತಪ್ಪಿಲ್ಲ. ಆವತ್ತು ಸುಮ್ನೆ “ಏನೂ ಆಗಲ್ಲಮ್ಮ” ಅಂದಿದ್ದೆ. ಸರಿಯಾದ ಉತ್ತರವನ್ನು ಇವತ್ತು ಹೇಳುತ್ತೇನೆ.

ಮೊದಲು ಜಾಗದ ಬಗ್ಗೆ. ವ್ಯಾಂಕೂವರಿನಿಂದ ಉತ್ತರಕ್ಕೆ ಹೋದರೆ ಲಂಡ್ ಎಂಬ ಹಳ್ಳಿಯಲ್ಲಿ ಹೆದ್ದಾರಿ 101 ಮುಗಿಯುತ್ತದೆ. ಆಚೆಗೆ ಬೆಟ್ಟ, ಕಾಡು, ನೀರು. ಅಲ್ಲೇ ಇದೆ ಡೆಸೊಲೇಶನ್ ಸೌಂಡ್ ಎಂಬ ಕೊಲ್ಲಿ. 1792ರಲ್ಲಿ ಬಂದ ಕ್ಯಾಪ್ಟನ್ ಜಾರ್ಜ್ ವ್ಯಾಂಕೂವರ್‌ಗೆ ಅದು ಬಿಕೋ ಅನ್ನಿಸಿತ್ತು, ಹಾಗಾಗಿ ಆ ಹೆಸರು. ನಮ್ಮ ಮಕ್ಕಳಿಗೆ ಅದು ಈಜುಕೊಳ. ವ್ಯಾಂಕೂವರ್ ದ್ವೀಪವನ್ನು ಎರಡೂ ಕಡೆಯಿಂದ ಬಳಸಿ ಬರುವ ಉಬ್ಬರಗಳು ಆ ಸುತ್ತಮುತ್ತ ಸಂಧಿಸುತ್ತವೆ. ಹೊರಗಿನ ತಣ್ಣೀರು ಅಷ್ಟಾಗಿ ಒಳಗೆ ಬರುವುದಿಲ್ಲ. ಬೇಸಿಗೆಯಲ್ಲಿ ನೀರು 20 ಡಿಗ್ರಿ ದಾಟುತ್ತದೆ.

ಆದರೆ ಇನ್ನೂ ಉತ್ತರಕ್ಕೆ ಹೋದರೆ ಕತೆಯೇ ಬೇರೆ. ನಾನು ಉಡುಪಿ ಕಡೆಯವಳು. ನಮ್ಮಲ್ಲಿ ಉಬ್ಬರಕ್ಕೂ ಇಳಿತಕ್ಕೂ ಎರಡು ಮೀಟರಿನೊಳಗಿನ ವ್ಯತ್ಯಾಸ. ಇಲ್ಲಿ ಐದು ಮೀಟರಿನವರೆಗೂ ಹೋಗುತ್ತದೆ. ಅಷ್ಟೂ ನೀರು ಇಕ್ಕಟ್ಟಾದ ಸಂದುಗಳಲ್ಲಿ ನುಗ್ಗಬೇಕು. ಸೀಮೋರ್ ನ್ಯಾರೋಸ್ ಅಂಥ ಒಂದು ಸಂದು. ಸೆಳೆತ 15 ನಾಟ್, ಅಂದರೆ ಗಂಟೆಗೆ ಸುಮಾರು 28 ಕಿಲೋಮೀಟರ್ ಮುಟ್ಟುತ್ತದೆ. ನಮ್ಮ ದೋಣಿಯ ವೇಗ ಬರೀ ಐದೂವರೆ ನಾಟ್! ಅದರ ನಡುವೆ ರಿಪಲ್ ರಾಕ್ ಎಂಬ ಮುಳುಗುಬಂಡೆ ಇತ್ತು. ನೂರಕ್ಕೂ ಹೆಚ್ಚು ಜೀವ ತೆಗೆದ ಬಂಡೆ. 1958ರ ಏಪ್ರಿಲ್ 5ರಂದು ಅದರ ತಲೆಯನ್ನು ಸ್ಫೋಟಿಸಿ ಹಾರಿಸಿದರು. ಬಂಡೆ ಹೋಯಿತು, ಸೆಳೆತ ಹೋಗಲಿಲ್ಲ. ಉಬ್ಬರ ಇಳಿತಕ್ಕೆ ತಿರುಗುವಾಗ ನೀರು ಕೆಲವು ನಿಮಿಷ ಸುಮ್ಮನಾಗುತ್ತದೆ. ದಾಟಬೇಕಾದ್ದು ಆಗಲೇ.

ಈಗ ಮಕ್ಕಳ ವಿಷಯ. ನಮ್ಮ ಇಬ್ಬರೂ ಮಧ್ಯಾಹ್ನ ಒಂದರಿಂದ ಮೂರು ಗಂಟೆವರೆಗೆ ಮಲಗುತ್ತಿದ್ದರು. ಅವರು ಎದ್ದಿದ್ದರೆ ದೊಡ್ಡವರಲ್ಲಿ ಒಬ್ಬರ ಎರಡೂ ಕೈ ಅವರಿಗೇ ಬೇಕು. ಮಲಗಿದ್ದರೆ ಮಾತ್ರ ದೋಣಿಗೆ ನಾಲ್ಕು ಕೈ. ಹಾಗಾಗಿ ನೀರು ನಿಲ್ಲುವ ಹೊತ್ತೂ ಮಕ್ಕಳ ನಿದ್ದೆಯ ಹೊತ್ತೂ ಒಂದಾಗಬೇಕು. ನಾವು ಆ ಸಂದಿನ ಈಚೆ, ಕ್ವಾಡ್ರಾ ದ್ವೀಪದ ಗೌಲ್ಯಾಂಡ್ ಹಾರ್ಬರಿಗೆ ಬಂದ ದಿನ ಸಂದಿನಲ್ಲಿ ನೀರು ನಿಂತದ್ದು ಬೆಳಿಗ್ಗೆ ಹತ್ತೂವರೆಗೆ. ನೀರು ನಿಲ್ಲುವ ಹೊತ್ತು ದಿನಾ ಮುಕ್ಕಾಲು ಗಂಟೆ, ಒಂದು ಗಂಟೆ ಮುಂದೆ ಸರಿಯುತ್ತದೆ ಅಲ್ವಾ? ಮೂರು ದಿನ ಲಂಗರು ಹಾಕಿ ಕಾದೆವು.

ಆ ಮೂರು ದಿನಗಳೇ ನನಗೆ ಜಾಸ್ತಿ ನೆನಪಿವೆ. ಇಳಿತದಲ್ಲಿ ದಡ ಉದ್ದಕ್ಕೆ ತೆರೆದುಕೊಳ್ಳುತ್ತಿತ್ತು. ಬಂಡೆಯಲ್ಲಿ ಕೈಯಗಲದ ನೇರಳೆ ನಕ್ಷತ್ರಮೀನು. ಕಲ್ಲೆತ್ತಿದರೆ ಉಗುರಿನಷ್ಟು ಏಡಿಗಳು ದಿಕ್ಕಾಪಾಲು. ನೋಡಿದ ಮೇಲೆ ಕಲ್ಲನ್ನು ಮೆಲ್ಲಗೆ ವಾಪಸ್ ಇಡಬೇಕು ಎಂದು ಮಗಳಿಗೆ ಕಲಿಸಿದೆ. ಆಮೇಲೆ ಅವಳು ತಮ್ಮನಿಗೆ ಕಲಿಸಿದಳು. ಮರುವಾಯಿ ಎಂಬ ಚಿಪ್ಪುಮೀನು ಕಂಡಾಗ ನನಗೆ ಊರಿನ ಸುಕ್ಕ ಪಲ್ಯ ನೆನಪಾಯಿತು. ಆದರೆ ಮುಟ್ಟಲಿಲ್ಲ. ಇಲ್ಲಿ ಕೆಲವೊಮ್ಮೆ ಚಿಪ್ಪುಮೀನಿನಲ್ಲಿ ನರಗಳನ್ನು ಕಟ್ಟುವ ವಿಷ ಸೇರುತ್ತದೆ, ಬೇಯಿಸಿದರೂ ಹೋಗುವುದಿಲ್ಲ. ಆ ಜಾಗದಲ್ಲಿ ತೆಗೆಯಬಹುದು ಎಂದು ಸರ್ಕಾರ ಹೇಳಿದ್ದರೆ ಮಾತ್ರ ತೆಗೆಯಬೇಕು.

ನಾಲ್ಕನೇ ದಿನ ಒಂದೂಕಾಲಿಗೆ ಸಂದು ದಾಟಿದೆವು. ಮಕ್ಕಳಿಗೆ ಗೊತ್ತೇ ಆಗಲಿಲ್ಲ.

ಸಂದಿನಾಚೆ ಒಂದು ಸಲ ಕಾಯಲಿಲ್ಲ. ಜಾನ್‌ಸ್ಟನ್ ಜಲಸಂಧಿಯಲ್ಲಿ ಬೇಸಿಗೆ ಮಧ್ಯಾಹ್ನ ವಾಯುವ್ಯದ ಗಾಳಿ ಜೋರು. ಇಳಿತದ ನೀರು ಅದಕ್ಕೆ ಎದುರಾಗಿ ಹರಿದರೆ ಅಲೆಗಳು ಗಿಡ್ಡ, ಕಡಿದು, ಒಂದರ ಹಿಂದೆ ಒಂದು. ಇದು ನಮಗೆ ಗೊತ್ತಿತ್ತು. ಆದರೆ ಗಂಡನ ರಜೆ ಮುಗಿಯುತ್ತಾ ಬಂದಿತ್ತು, ಇಂಥ ದಿನ ಇಂಥಲ್ಲಿರಬೇಕು ಎಂದು ಬರೆದಿಟ್ಟುಕೊಂಡಿದ್ದೆವು. ಹೊರಟೆವು. ಎರಡು ಗಂಟೆ ನಾನು ಒಳಗೆ ನೆಲದ ಮೇಲೆ ಕೂತು ಇಬ್ಬರನ್ನೂ ಅವುಚಿಕೊಂಡಿದ್ದೆ. ಚಿಕ್ಕವನು ನನ್ನ ಮೇಲೆಲ್ಲ ವಾಂತಿ ಮಾಡಿದ. ಮಗಳು ಅಳಲೂ ಇಲ್ಲ, ನನ್ನ ಮುಖ ನೋಡುತ್ತಲೇ ಇದ್ದಳು. ಮೇಲೆ ಅವರ ಅಪ್ಪ ಒಬ್ಬರೇ. ಪೋರ್ಟ್ ನೆವಿಲ್ ಸೇರಿದಾಗ ನಮಗಿಬ್ಬರಿಗೂ ಕೈ ನಡುಗುತ್ತಿತ್ತು. ಆ ರಾತ್ರಿ ತಾರೀಕು ಬರೆದ ಹಾಳೆ ಹರಿದೆವು. ರಜೆ ಸಾಲದಿದ್ದರೆ ಅಲ್ಲಿಂದಲೇ ಹಿಂದಿರುಗುವುದು ಎಂದುಕೊಂಡೆವು. ಹಾಗೇ ಮಾಡಿದೆವು.

ಅಮ್ಮನ ಭಯ ನೀರಿಗೆ ಬೀಳುವುದರ ಬಗ್ಗೆ. ಅದು ನನ್ನದೂ ಹೌದು. ಜಾನ್‌ಸ್ಟನ್‌ನಲ್ಲಿ ಆಗಸ್ಟಿನಲ್ಲೂ ನೀರು 10 ಡಿಗ್ರಿ ಆಸುಪಾಸು. ದೊಡ್ಡವರಿಗೇ ಹತ್ತು ನಿಮಿಷದಲ್ಲಿ ಕೈಕಾಲು ಸ್ವಾಧೀನ ತಪ್ಪುತ್ತವೆ. ಮಕ್ಕಳ ಮೈ ಇನ್ನೂ ಬೇಗ ತಣ್ಣಗಾಗುತ್ತದೆ. ನಾವು ಅಂಚಿನ ಕಂಬಿಗಳಿಗೆ ಸುತ್ತಲೂ ಬಲೆ ಕಟ್ಟಿದ್ದೆವು. ಮಕ್ಕಳ ಲೈಫ್ ಜಾಕೆಟ್‌ಗೆ ಕಾಲುಗಳ ನಡುವೆ ಪಟ್ಟಿ ಇರಬೇಕು, ಇಲ್ಲದಿದ್ದರೆ ನೀರಿನಲ್ಲಿ ಜಾಕೆಟ್ ಮೇಲೆ, ಮಗು ಕೆಳಗೆ. ಕತ್ತಿನ ಹಿಂದೆ ಎತ್ತಲು ಹಿಡಿ ಇರಬೇಕು. ಒಳಗಿನಿಂದ ಮೇಲೆ ಬರಲು ಮೂರು ಮೆಟ್ಟಿಲು. ಮೊದಲ ಮೆಟ್ಟಿಲಿಗೆ ಕಾಲಿಡುವ ಮುಂಚೆ ಜಾಕೆಟ್. ಲಂಗರು ಹಾಕಿದ್ದರೂ, ನೀರು ಕನ್ನಡಿಯಂತಿದ್ದರೂ ಅಷ್ಟೇ. ದೊಡ್ಡವರಿಗೂ ಅದೇ. ಎರಡನೇ ವಾರದಲ್ಲಿ ಜಾಕೆಟ್ ಇಲ್ಲದೆ ಮೇಲೆ ಹೊರಟ ಅಪ್ಪನನ್ನು ಮಗಳು ತಡೆದಳು.

ಈ ವರ್ಷ ಚಿಕ್ಕವನು ಹಗಲು ನಿದ್ದೆ ಬಿಟ್ಟಿದ್ದಾನೆ. ನಮ್ಮ ಲೆಕ್ಕವೆಲ್ಲ ಮತ್ತೆ ಮೊದಲಿನಿಂದ. ಬಹುಶಃ ಈ ಸಲ ಡೆಸೊಲೇಶನ್ ಸೌಂಡ್‌ನಿಂದಾಚೆ ಹೋಗುವುದಿಲ್ಲ.

ಎರಡು ಜಾಕೆಟ್ ತಂದಿದ್ದೇನೆ, ಆ ಮೇಜಿನ ಮೇಲಿವೆ. ನಿಮ್ಮ ಮಕ್ಕಳಿಗೆ ಹಾಕಿ, ಹಿಡಿಯಿಂದ ಎತ್ತಿ ನೋಡಿ. ಪ್ರಶ್ನೆಗಳಿದ್ದರೆ ಅಲ್ಲೇ ಮಾತಾಡೋಣ.