ಬಾಣಂತನದ ನಂತರ ಮತ್ತೆ ಹೊಲಿಗೆಗೆ

ಎಲ್ಲ ಕೇಳುಗರಿಗೂ ನಮಸ್ಕಾರ.

ನಮ್ಮ ರಾಜ್ಯದ ಯಾವ ಊರಿನ ಯಾವ ಬಡಾವಣೆಗೆ ಹೋದರೂ ಒಂದೆರಡು ಮನೆಗಳ ಗೇಟಿನ ಮೇಲೆ ‘ಬ್ಲೌಸ್, ಚೂಡಿದಾರ್ ಹೊಲಿದುಕೊಡಲಾಗುವುದು, ಸೀರೆಗೆ ಫಾಲ್, ಜಿಗ್‌ಜಾಗ್, ಕುಚ್ಚು ಹಾಕಿಕೊಡಲಾಗುವುದು’ ಎಂಬ ಸಣ್ಣ ಫಲಕ ಕಾಣಸಿಗುತ್ತದೆ. ಆ ಮನೆಯ ಹೆಣ್ಣುಮಗಳು ಹೆರಿಗೆಗೆಂದು ತವರಿಗೆ ಹೋದಾಗ ಅಂಗಡಿಯೊಂದು ಬಾಗಿಲು ಹಾಕಿತೆಂದು ಯಾರಿಗೂ ಅನ್ನಿಸುವುದಿಲ್ಲ. ಗಿರಾಕಿಗಳು ಸದ್ದಿಲ್ಲದೆ ಪಕ್ಕದ ಬೀದಿಗೆ ಹೋಗುತ್ತಾರೆ. ಐದಾರು ತಿಂಗಳ ಮೇಲೆ ಆಕೆ ಕೂಸನ್ನು ಎತ್ತಿಕೊಂಡು ಮರಳಿ ಬಂದು, ಯಂತ್ರದ ಹೊದಿಕೆ ಸರಿಸಿ ಕುಳಿತಾಗ ಏನೇನು ಎದುರಾಗುತ್ತದೆ, ಅದನ್ನು ಹೇಗೆ ನಿಭಾಯಿಸಬಹುದು ಎಂಬುದನ್ನು, ಮನೆಯಲ್ಲೇ ಹೊಲಿದು ಮಕ್ಕಳನ್ನು ಬೆಳೆಸಿದವಳಾಗಿ ಮತ್ತು ಈಗ ಹೊಲಿಗೆ ಕಲಿಸುತ್ತಿರುವವಳಾಗಿ ಇಂದು ತಮ್ಮ ಮುಂದಿಡುತ್ತೇನೆ.

ಕಾರ್ಖಾನೆಯಲ್ಲಿಯೋ ಕಚೇರಿಯಲ್ಲಿಯೋ ದುಡಿಯುವ ಮಹಿಳೆಗೆ ಹೆರಿಗೆ ರಜೆ ಎಂಬುದೊಂದಿದೆ. 1961ರ ಹೆರಿಗೆ ಸೌಲಭ್ಯ ಕಾಯ್ದೆಗೆ 2017ರಲ್ಲಿ ತಂದ ತಿದ್ದುಪಡಿಯಿಂದ, ಮೊದಲ ಎರಡು ಮಕ್ಕಳಿಗೆ ವೇತನಸಹಿತ ರಜೆಯ ಅವಧಿ 12 ವಾರಗಳಿಂದ 26 ವಾರಗಳಿಗೆ ಏರಿತು. ಮನೆಯಲ್ಲಿ ಸ್ವಂತಕ್ಕೆ ಹೊಲಿಯುವವಳಿಗೆ ಯಜಮಾನನೇ ಇಲ್ಲವಾದ್ದರಿಂದ ಆ ರಜೆಯ ಸೌಲಭ್ಯ ಆಕೆಯ ಹೊಸ್ತಿಲನ್ನು ದಾಟಿ ಬರುವುದಿಲ್ಲ. ಮೊದಲ ಮಗುವಿಗೆ ಪ್ರಧಾನಮಂತ್ರಿ ಮಾತೃವಂದನಾ ಯೋಜನೆಯಲ್ಲಿ 5,000 ರೂಪಾಯಿ ಕಂತುಗಳಲ್ಲಿ ಸಿಗುತ್ತದೆ. ಅಂಗನವಾಡಿಯಲ್ಲಿ ವಿಚಾರಿಸಿ ಅದನ್ನು ಪಡೆದುಕೊಳ್ಳಲೇಬೇಕು, ಆದರೆ ಆ ಹಣ ಕೆಲವು ತಿಂಗಳ ಸಂಪಾದನೆಗೆ ಬದಲಿಯಾಗಲಾರದು. ಹೀಗಾಗಿಯೇ ಮನೆಯಲ್ಲಿ ಹೊಲಿಯುವವರು ದೇಹ ಇನ್ನೂ ಸಿದ್ಧವಾಗದಿರುವಾಗಲೇ ಯಂತ್ರದ ಮುಂದೆ ಕೂರುತ್ತಾರೆ.

‘ಬಾಣಂತಿ ಸೂಜಿಗೆ ದಾರ ಪೋಣಿಸಬಾರದು, ಕಣ್ಣು ಸೋಲುತ್ತದೆ’ ಎಂದು ನಮ್ಮ ಅಜ್ಜಿಯಂದಿರು ಹೇಳುತ್ತಿದ್ದರು. ಕಣ್ಣಿನ ಮಾತು ಎಷ್ಟು ನಿಜವೋ, ಆ ನಿಷೇಧದ ನೆಪದಲ್ಲಿ ಬಾಣಂತಿಗೆ ವಿಶ್ರಾಂತಿಯಂತೂ ದಕ್ಕುತ್ತಿತ್ತು. ಕಾಲಿನಿಂದ ತುಳಿಯುವ ಯಂತ್ರ ಕಿಬ್ಬೊಟ್ಟೆ ಮತ್ತು ಸೊಂಟಕ್ಕೆ ಸತತವಾಗಿ ಕೆಲಸ ಕೊಡುತ್ತದೆ. ಆಪರೇಷನ್ ಆಗಿ ಹೆರಿಗೆಯಾದವರು ವೈದ್ಯರನ್ನು ಕೇಳದೆ ತುಳಿಯಲು ಕೂರಬಾರದು, ಯಂತ್ರವನ್ನು ಎತ್ತಿ ಸರಿಸುವ ಸಾಹಸಕ್ಕಂತೂ ಹೋಗಲೇಬಾರದು. ಮತ್ತೆ ಶುರುಮಾಡುವ ಹೊತ್ತಿಗೆ ಸಾಧ್ಯವಾದರೆ ಯಂತ್ರಕ್ಕೊಂದು ಮೋಟಾರು ಕೂರಿಸಿಕೊಳ್ಳುವುದು ಒಳ್ಳೆಯದು. ಮನೆಬಳಕೆಯ ಯಂತ್ರದ ಮೋಟಾರು ಸುಮಾರು 100 ವ್ಯಾಟಿನದು. ಕರೆಂಟಿನ ಬಿಲ್ಲಿಗೆ ಹೆದರಬೇಕಾಗಿಲ್ಲ. ಸ್ಟೂಲು ಬಿಟ್ಟು ಬೆನ್ನಿಗೆ ಆಸರೆಯಿರುವ ಕುರ್ಚಿ ಹಾಕಿಕೊಳ್ಳಬೇಕು. ಹೆರಿಗೆಯ ನಂತರವೂ 180 ದಿನ ತೆಗೆದುಕೊಳ್ಳಬೇಕೆಂದು ಕೊಡುವ ಕಬ್ಬಿಣಾಂಶದ ಮಾತ್ರೆಗಳನ್ನು ಅನೇಕರು ತವರಿನಲ್ಲೇ ಮರೆತು ಬರುತ್ತಾರೆ; ಸಂಜೆಯ ಹೊತ್ತಿಗೆ ಕಣ್ಣು ಕತ್ತಲಿಟ್ಟರೆ ಹೊಲಿಗೆಯನ್ನು ದೂರುತ್ತಾರೆ.

ಇನ್ನು ಯಂತ್ರದ ವಿಷಯ. ತಿಂಗಳುಗಟ್ಟಲೆ ಸುಮ್ಮನೆ ನಿಂತ ಹೊಲಿಗೆ ಯಂತ್ರದೊಳಗೆ ಹಳೆಯ ಎಣ್ಣೆ ಗಟ್ಟಿಯಾಗಿ ಅಂಟಿನಂತಾಗಿರುತ್ತದೆ. ಅದರ ಮೇಲೆಯೇ ಹೊಸ ಎಣ್ಣೆ ಸುರಿದು ತುಳಿದರೆ ಚಕ್ರ ಬಿಗಿಯುತ್ತದೆ, ದಾರ ಕಿತ್ತುಹೋಗುತ್ತದೆ. ಯಂತ್ರ ಹಾಳಾಯಿತೆಂದು ಮೆಕ್ಯಾನಿಕ್‌ನನ್ನು ಕರೆಸುವುದಾಗುತ್ತದೆ. ಮೊದಲು ಸೂಜಿಯ ಕೆಳಗಿನ ತಟ್ಟೆಯ ತಿರುಪುಗಳನ್ನು ಬಿಚ್ಚಿ, ಬಟ್ಟೆಯನ್ನು ಮುಂದಕ್ಕೆ ತಳ್ಳುವ ಹಲ್ಲುಗಳ ನಡುವೆ ಒತ್ತಿಕೊಂಡ ನೂಲಿನ ಧೂಳನ್ನು ಹಳೆಯ ಟೂತ್‌ಬ್ರಷ್‌ನಿಂದ ತೆಗೆಯಬೇಕು. ಕೆಲವೊಮ್ಮೆ ಅದು ಚಾಪೆಯ ತುಂಡಿನ ಹಾಗೆ ಇಡಿಯಾಗಿ ಎದ್ದು ಬರುತ್ತದೆ. ಕೆಳಗಿನ ದಾರವನ್ನು ಹೊತ್ತ ಶಟಲ್ ತಿರುಗುವ ಜಾಗಕ್ಕೂ ಎಣ್ಣೆಯ ರಂಧ್ರಗಳಿಗೂ ಒಂದೆರಡು ಹನಿ ಸೀಮೆಎಣ್ಣೆ ಬಿಟ್ಟು, ದಾರವಿಲ್ಲದೆ ಚಕ್ರವನ್ನು ಕೈಯಿಂದ ನಿಧಾನವಾಗಿ ತಿರುಗಿಸಿ, ಕಪ್ಪು ಜಿಡ್ಡನ್ನೆಲ್ಲ ಒರೆಸಿ ತೆಗೆದ ಮೇಲೆಯೇ ಯಂತ್ರದ ಎಣ್ಣೆ ಹಾಕಬೇಕು. ಸೀಮೆಎಣ್ಣೆಯ ಸೀಸೆಯನ್ನು ಕೂಡಲೇ ಮಗುವಿನ ಕೈಗೆಟುಕದ ಅಟ್ಟಕ್ಕೇರಿಸಬೇಕೆಂಬುದನ್ನು ಬೇರೆಯಾಗಿ ಹೇಳಬೇಕಿಲ್ಲ. ಚರ್ಮದ ಬೆಲ್ಟ್ ಸಡಿಲಗೊಂಡಿದ್ದರೆ ಅರ್ಧ ಇಂಚು ಕತ್ತರಿಸಿ ಮತ್ತೆ ಕೊಂಡಿ ಹಾಕಿದರೆ ಸಾಕು. ಕೆಳದಾರದ ಉರುಳೆ ಕೂರುವ ಡಬ್ಬಿಯನ್ನು, ಅಂದರೆ ಬಾಬಿನ್ ಕೇಸನ್ನು, ದಾರದ ತುದಿಯಿಂದ ಹಿಡಿದು ನೇತಾಡಿಸಿ, ಕೈಯನ್ನು ಸ್ವಲ್ಪ ಜಗ್ಗಿ ನೋಡಬೇಕು: ಒಂದೆರಡು ಇಂಚು ಇಳಿದು ನಿಂತರೆ ಬಿಗಿ ಸರಿಯಿದೆ; ನೆಲದವರೆಗೆ ಜಾರಿದರೆ ಸಡಿಲ, ಅಲುಗಾಡದಿದ್ದರೆ ಬಿಗಿ ಹೆಚ್ಚು. ಹಳೆಯ ಸೂಜಿಯನ್ನು ಎಸೆದು ಹೊಸದನ್ನು ಹಾಕಿ, ಮೊದಲು ಚಿಂದಿ ಬಟ್ಟೆಯ ಮೇಲೆ ಹತ್ತಾರು ಸಾಲು ಹೊಲಿಯಬೇಕು. ಉಳಿದ ಎಣ್ಣೆಯನ್ನು ಆ ಚಿಂದಿ ಕುಡಿಯಲಿ; ಗಿರಾಕಿಯ ರೇಷ್ಮೆ ಕುಡಿದರೆ ಆ ಕಲೆ ಹೋಗುವುದಿಲ್ಲ.

ಈಗ ಮುಖ್ಯ ಮಾತಿಗೆ ಬರುತ್ತೇನೆ. ಹೊಸ ತಾಯಂದಿರೆಲ್ಲರೂ ಹಾಕಿಕೊಳ್ಳುವ ಲೆಕ್ಕ ಒಂದೇ: ‘ಮಗು ಮಲಗಿದಾಗ ಹೊಲಿಯುತ್ತೇನೆ.’ ಈ ಲೆಕ್ಕ ತಪ್ಪುವುದು ಸಮಯ ಸಾಲದೆ ಅಲ್ಲ. ಮಗುವಿನ ನಿದ್ದೆ ಎಷ್ಟು ಹೊತ್ತಿನದೆಂದು ಯಾರಿಗೂ ತಿಳಿಯದು. ಹೊಲಿಗೆಯಲ್ಲಿ ನಡುವೆ ಬಿಟ್ಟು ಏಳಬಹುದಾದ ಕೆಲಸಗಳೂ ಇವೆ, ನಡುವೆ ಬಿಟ್ಟು ಏಳಲೇಬಾರದ ಕೆಲಸಗಳೂ ಇವೆ. ಗಂಟೆಗಳನ್ನು ಹಂಚುವ ಬದಲು ಕೆಲಸಗಳನ್ನು ಈ ಎರಡು ರಾಶಿಯಾಗಿ ವಿಂಗಡಿಸಿಕೊಳ್ಳಬೇಕು.

ಕತ್ತರಿಸುವ ಕೆಲಸ ಎರಡನೆಯ ರಾಶಿಯದು. ಸೀರೆಯ ಜೊತೆಗೆ ಬರುವ ರವಿಕೆ ಕಣ ಸಾಮಾನ್ಯವಾಗಿ 80 ಸೆಂಟಿಮೀಟರಿನಷ್ಟಿರುತ್ತದೆ. ಒಂದು ಕಡೆ ತಪ್ಪಿದರೆ ಸರಿಪಡಿಸಲು ಮಿಕ್ಕ ಬಟ್ಟೆಯೇ ಇರುವುದಿಲ್ಲ. ಬಟ್ಟೆ ಮಡಿಸಿ ಗುರುತು ಹಾಕಿ, ಒಂದು ತೋಳು ಕತ್ತರಿಸಿ, ಮಗು ಅತ್ತಿತೆಂದು ಎದ್ದು ಹೋಗಿ, ಮರಳಿ ಬಂದು ಇನ್ನೊಂದನ್ನು ಕತ್ತರಿಸುವಾಗ ಬಟ್ಟೆಯ ಒಳಮೈ ಹೊರಮೈ ಗಮನಿಸದೆ ಎರಡೂ ತೋಳುಗಳು ಬಲಗೈಯವೇ ಆಗಿಬಿಡುವುದು ಹೊಲಿಗೆಯವರೆಲ್ಲರೂ ಬಲ್ಲ ಅನಾಹುತ. ಆದ್ದರಿಂದ ಮನೆಯಲ್ಲಿ ಮತ್ತೊಬ್ಬರು ಮಗುವನ್ನು ನೋಡಿಕೊಳ್ಳುವ ಹೊತ್ತನ್ನು, ಅದು ವಾರದಲ್ಲಿ ಎರಡೇ ಸಲ ಸಿಗಲಿ, ಕತ್ತರಿಸುವುದಕ್ಕೇ ಮೀಸಲಿಡಬೇಕು. ಒಂದೇ ಸಲ ಕೂತು ನಾಲ್ಕೈದು ರವಿಕೆಗಳನ್ನು ಕತ್ತರಿಸಿ, ಒಂದೊಂದರ ತುಂಡುಗಳನ್ನೂ ಲೈನಿಂಗ್ ಸಮೇತ ಸುರುಳಿ ಸುತ್ತಿ, ಗಿರಾಕಿಯ ಹೆಸರಿನ ಚೀಟಿ ಚುಚ್ಚಿ ಇಟ್ಟುಕೊಳ್ಳಬೇಕು. ಹತ್ತಿಯ ಲೈನಿಂಗನ್ನು ಹಿಂದಿನ ದಿನವೇ ನೆನೆಸಿ ಒಣಗಿಸಿರಬೇಕು, ಇಲ್ಲದಿದ್ದರೆ ಮೊದಲ ಒಗೆತಕ್ಕೇ ಅದು ಕುಗ್ಗಿ ರವಿಕೆ ಸುಕ್ಕಾಗುತ್ತದೆ.

ಯಂತ್ರದ ಹೊಲಿಗೆ ಈ ಎರಡು ರಾಶಿಗಳ ನಡುವಿನದು. ಮೈಯ ಆಕಾರಕ್ಕೆ ಕೂರುವಂತೆ ಮಡಿಕೆಯ ಡಾಟ್ ಹಿಡಿಯುವುದು, ಭುಜ ಕೂಡಿಸುವುದು ಚಿಕ್ಕ ಚಿಕ್ಕ ಕೆಲಸಗಳು. ಒಂದೊಂದೂ ಕೆಲವೇ ನಿಮಿಷಗಳಲ್ಲಿ ಮುಗಿಯುತ್ತದೆ. ಕುತ್ತಿಗೆಯ ತಿರುವು ಮತ್ತು ತೋಳು ಕೂಡಿಸುವಾಗ ಮಾತ್ರ ಏಳಬೇಕಾಗಿ ಬಂದರೆ, ಸೂಜಿಯನ್ನು ಬಟ್ಟೆಯೊಳಗೆ ಇಳಿಸಿಯೇ ಏಳಬೇಕು. ಆಗ ಬಟ್ಟೆ ಜಾರುವುದಿಲ್ಲ.

ಕೈಹೊಲಿಗೆಯದೇ ಮೊದಲ ರಾಶಿ. ಹೆಮ್ಮಿಂಗ್, ಹುಕ್ಕು, ಕಾಜಾ, ಸೀರೆಯ ಫಾಲ್, ಸೆರಗಿನ ಕುಚ್ಚು, ಇವುಗಳಲ್ಲಿ ಯಾವುದನ್ನು ಯಾವ ಗಳಿಗೆಯಲ್ಲಿ ಕೆಳಗಿಟ್ಟರೂ ನಷ್ಟವಿಲ್ಲ. ಕುಚ್ಚಿನ ವಿಷಯವಾಗಿ ವಿಶೇಷವಾಗಿ ಹೇಳಬೇಕು. ಬಂಡವಾಳ ರೇಷ್ಮೆದಾರ ಮತ್ತು ಮಣಿ ಮಾತ್ರ. ಸದ್ದಿಲ್ಲ, ಕರೆಂಟು ಬೇಡ. ಹೊಸ ರೇಷ್ಮೆಸೀರೆ ಕೊಂಡವರು ಕುಚ್ಚಿಲ್ಲದೆ ಉಡಲೊಪ್ಪದ ನಮ್ಮ ನಾಡಿನಲ್ಲಿ ಬೇಡಿಕೆಗೂ ಕೊರತೆಯಿಲ್ಲ. ಬಾಣಂತನ ಮುಗಿಸಿ ಬಂದವರು ಮೊದಲ ಒಂದೆರಡು ತಿಂಗಳು ಫಾಲ್ ಮತ್ತು ಕುಚ್ಚಿನ ಕೆಲಸವನ್ನಷ್ಟೇ ಒಪ್ಪಿಕೊಂಡು, ಆಮೇಲೆ ರವಿಕೆಗೆ ಕೈಹಾಕುವುದೇ ಸರಿಯೆಂದು ನನ್ನ ಅಭಿಪ್ರಾಯ. ಆದರೆ ಕುಚ್ಚಿನ ಮಣಿಯಾಗಲಿ ಹುಕ್ಕಾಗಲಿ ಎದೆಹಾಲು ಕುಡಿಯುವ ಮಗುವಿನ ಹಾಸಿಗೆಯ ಬಳಿ ಬರಕೂಡದು. ಕೆಲಸ ಮುಗಿದ ಕೂಡಲೇ ಅಯಸ್ಕಾಂತದ ತುಂಡೊಂದನ್ನು ನೆಲದ ಮೇಲೆಲ್ಲ ಆಡಿಸಿದರೆ ಕಣ್ಣಿಗೆ ಬೀಳದ ಗುಂಡುಸೂಜಿಗಳೂ ಅಂಟಿಕೊಂಡು ಬರುತ್ತವೆ. ಮಗು ಅಂಬೆಗಾಲಿಡಲು ತೊಡಗಿದ ಮೇಲೆ ಅಪಾಯದ ಜಾಗವೇ ಬದಲಾಗುತ್ತದೆ: ತುಳಿಯುವ ಯಂತ್ರದ ಕೆಳಗಿನ ದೊಡ್ಡ ಚಕ್ರ ಮತ್ತು ಬೆಲ್ಟಿನ ನಡುವೆ ಪುಟ್ಟ ಬೆರಳು ಸಿಕ್ಕಬಹುದು. ಹೊಲಿಯದಿರುವಾಗ ಬೆಲ್ಟನ್ನು ಚಕ್ರದಿಂದ ಇಳಿಸಿಡಬೇಕು, ಮೋಟಾರಿನ ಪ್ಲಗ್ ಕಿತ್ತಿಡಬೇಕು, ಇಸ್ತ್ರಿಪೆಟ್ಟಿಗೆಯ ವೈರು ಎಲ್ಲಿಯೂ ನೇತಾಡಬಾರದು.

ಮನೆಯವರ ಬಗ್ಗೆ ಒಂದು ಮಾತು. ‘ಹೇಗೂ ಮನೆಯಲ್ಲೇ ಇರುತ್ತಾಳಲ್ಲ’ ಎಂಬ ಮಾತಿನ ಬಲದ ಮೇಲೆ ನಾದಿನಿಯ ಸೀರೆಯ ಫಾಲು, ಪಕ್ಕದ ಮನೆಯವರ ಕಿತ್ತುಹೋದ ಜಿಪ್ಪು, ಓರಗಿತ್ತಿಯ ಮಗಳ ಲಂಗ, ಎಲ್ಲವೂ ಬಿಟ್ಟಿಯಾಗಿ ಬಂದು ಕೂರುತ್ತವೆ. ಮಗುವಿನ ಅಳುವಿನ ನಡುವೆ ಉಳಿಸಿಕೊಂಡ ಮುಕ್ಕಾಲು ಗಂಟೆ ಹೀಗೆ ಹೋದರೆ ಆ ದಿನದ ಸಂಪಾದನೆಯೇ ಹೋದಂತೆ. ನೆಂಟರಿಂದಲೂ ಕನಿಷ್ಠಪಕ್ಷ ದಾರ, ಲೈನಿಂಗ್, ಹುಕ್ಕಿನ ಹಣವನ್ನಾದರೂ ಪಡೆಯುವ ರೂಢಿಯನ್ನು ಈ ಮರುಆರಂಭದ ಹೊತ್ತಿನಲ್ಲೇ ಹಾಕಿಕೊಳ್ಳುವುದು ಸುಲಭ. ಅತ್ತೆಯವರೋ ಗಂಡನೋ ಮಗುವನ್ನು ನೋಡಿಕೊಳ್ಳುವ ಹೊತ್ತು ಯಾವುದೆಂದು ಮೊದಲೇ ಗೊತ್ತುಮಾಡಿಕೊಂಡಿರಬೇಕು. ‘ಬಿಡುವಾದಾಗ ಎತ್ತಿಕೊಳ್ಳುತ್ತೇನೆ’ ಎಂಬ ಭರವಸೆಯ ಮೇಲೆ ಯಾರೂ ರೇಷ್ಮೆ ಕತ್ತರಿಸಲಾರರು.

ಬೆಂಗಳೂರಿನ ಸಿದ್ಧ ಉಡುಪು ಕಾರ್ಖಾನೆಗಳಲ್ಲಿ ದುಡಿದು, ಹೆರಿಗೆಯಾದ ಮೇಲೆ ಮಗುವನ್ನು ಬಿಟ್ಟು ಹೋಗಲಾಗದೆ ಮನೆಯ ಹೊಲಿಗೆಗೆ ಬರುವವರು ಬಹಳ ಮಂದಿ. ಅವರ ಕೈ ಚುರುಕಿನದು. ಕಾರ್ಖಾನೆಯ ಯಂತ್ರ ನಿಮಿಷಕ್ಕೆ 4,000ಕ್ಕೂ ಹೆಚ್ಚು ಹೊಲಿಗೆ ಹಾಕಬಲ್ಲದು. ಆದರೆ ಅಲ್ಲಿ ಒಬ್ಬರು ದಿನವಿಡೀ ಕಾಲರನ್ನೇ, ಇನ್ನೊಬ್ಬರು ಜೇಬನ್ನೇ ಹೊಲಿಯುತ್ತಿರುತ್ತಾರೆ. ಇಡೀ ರವಿಕೆಯೊಂದನ್ನು ಅಳತೆಯಿಂದ ಹುಕ್ಕಿನವರೆಗೆ ಒಬ್ಬರೇ ಮುಗಿಸುವುದು ಬೇರೆಯೇ ವಿದ್ಯೆ. ಅಂಥವರು ಕಟ್ಟಿಂಗ್ ಕಲಿಯಲು ಒಂದಿಷ್ಟು ದಿನ ಮೀಸಲಿಡಬೇಕು. 1982ರಲ್ಲಿ ಉಜಿರೆಯಲ್ಲಿ ಆರಂಭವಾದ ರುಡ್‌ಸೆಟ್ ಸಂಸ್ಥೆಯೂ, ಅದೇ ಮಾದರಿಯಲ್ಲಿ ಬ್ಯಾಂಕುಗಳು ಜಿಲ್ಲೆಗಳಲ್ಲಿ ನಡೆಸುತ್ತಿರುವ ಗ್ರಾಮೀಣ ಸ್ವಉದ್ಯೋಗ ತರಬೇತಿ ಸಂಸ್ಥೆಗಳೂ ಹೊಲಿಗೆಯ ಉಚಿತ ತರಬೇತಿ ಕೊಡುತ್ತವೆ. ಹಾಲು ಕುಡಿಯುವ ಮಗುವಿದ್ದರೆ ಹೋಗಿಬರುವ ಏರ್ಪಾಡು ಏನೆಂದು ಮೊದಲೇ ಕೇಳಿಕೊಳ್ಳಬೇಕು. 2023ರ ಸೆಪ್ಟೆಂಬರ್ 17ರಂದು ಜಾರಿಗೆ ಬಂದ ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ದರ್ಜಿಯ ಕಸುಬೂ ಸೇರಿದೆ. ಅದರಲ್ಲಿ ಸಲಕರಣೆಗಾಗಿ 15,000 ರೂಪಾಯಿವರೆಗಿನ ನೆರವು, ತರಬೇತಿಯ ಅವಧಿಯಲ್ಲಿ ದಿನಕ್ಕೆ 500 ರೂಪಾಯಿಯ ಭತ್ಯೆ, ಶೇಕಡಾ 5ರ ಬಡ್ಡಿಯಲ್ಲಿ ಮೊದಲ ಹಂತಕ್ಕೆ ಒಂದು ಲಕ್ಷದವರೆಗಿನ ಸಾಲ ಇವೆ. ಕುಟುಂಬದಲ್ಲಿ ಒಬ್ಬರಿಗೆ ಮಾತ್ರ ಅವಕಾಶವಾದ್ದರಿಂದ, ಯಾರ ಹೆಸರಿನಲ್ಲಿ ಅರ್ಜಿ ಹಾಕಬೇಕೆಂಬುದನ್ನು ಮನೆಯಲ್ಲಿ ಯೋಚಿಸಿ ನಿರ್ಧರಿಸಬೇಕು.

ತಾಯಿಯಾದ ಹೊಲಿಗೆಯವಳಿಗೆ ಹೊಸದಾಗಿ ಒದಗುವ ಗಿರಾಕಿಗಳೆಂದರೆ ಇತರ ತಾಯಂದಿರು. ಹಾಲುಣಿಸುವ ತಿಂಗಳುಗಳಲ್ಲಿ ಎದೆಯ ಅಳತೆ ಬೆಳಗಿಗೊಂದು ಸಂಜೆಗೊಂದು ಎಂಬಂತೆ ವ್ಯತ್ಯಾಸವಾಗುತ್ತದೆ; ಹಳೆಯ ಅಳತೆ ರವಿಕೆಯನ್ನು ನಂಬಿ ಹೊಲಿದರೆ ಹುಕ್ಕು ಕೂಡುವುದಿಲ್ಲ. ಬದಿಗಳಲ್ಲಿ ಒಂದೊಂದು ಇಂಚಿಗೂ ಹೆಚ್ಚು ಬಟ್ಟೆಯನ್ನು ಒಳಗೆ ಬಿಟ್ಟು, ಮೇಲೊಂದು ಒಳಗೊಂದು ಎಂದು ಎರಡು ಮೂರು ಸಾಲು ಹೊಲಿಗೆ ಹಾಕಿಟ್ಟರೆ, ಬೇಕಾದಂತೆ ಒಂದೊಂದನ್ನೇ ಬಿಚ್ಚಿಕೊಳ್ಳಬಹುದು. ಹಿಂದೆ ಹುಕ್ಕು ಬರುವ ಮಾದರಿ ಈ ಕಾಲಕ್ಕೆ ಸಲ್ಲದು, ಮುಂದೆಯೇ ತೆರೆಯುವಂತಿರಬೇಕು. ಎದೆಯ ಮೇಲಿಂದ ಕೆಳಗಿನವರೆಗೆ ಉದ್ದ ಹೊಲಿಗೆ ಬರುವ ಪ್ರಿನ್ಸೆಸ್ ಕಟ್ ಕುರ್ತಾದಲ್ಲಿ ಎರಡೂ ಬದಿಯ ಉದ್ದ ಹೊಲಿಗೆಯ ಗೆರೆಯೊಳಗೇ ಜಿಪ್ಪು ಅಡಗಿಸಿದರೆ ಹೊರಗಿನವರಿಗೆ ಅದು ಜಿಪ್ಪೆಂದೇ ತಿಳಿಯುವುದಿಲ್ಲ. ಮಗುವಿನ ಕೆನ್ನೆಗೆ ತಾಗದಂತೆ ಒಳಗೊಂದು ಮೆತ್ತನೆಯ ಪಟ್ಟಿ ಕೊಡಬೇಕು, ಅಷ್ಟೆ. ಸ್ವತಃ ಹಾಲುಣಿಸಿದವಳಿಗೆ ಜಿಪ್ಪು ಎಷ್ಟು ಕೆಳಗೆ ಇಳಿಯಬೇಕೆಂಬುದು ಟೇಪು ಹಿಡಿಯುವ ಮೊದಲೇ ಗೊತ್ತಿರುತ್ತದೆ.

ಕೊನೆಯದಾಗಿ, ಯಾವಾಗ ಆರಂಭಿಸಬೇಕೆಂಬ ಪ್ರಶ್ನೆ. ಆಷಾಢದಲ್ಲಿ ಮದುವೆಗಳಿಲ್ಲ, ಹೊಲಿಗೆಯ ಮನೆಗಳಲ್ಲಿ ಅದು ಬಿಡುವಿನ ಕಾಲ. ಯಂತ್ರವನ್ನೂ ಕೈಯನ್ನೂ ಮತ್ತೆ ಹದಕ್ಕೆ ತಂದುಕೊಳ್ಳಲು ಅದಕ್ಕಿಂತ ಒಳ್ಳೆಯ ತಿಂಗಳು ಇಲ್ಲ. ಶ್ರಾವಣ ಬಂತೆಂದರೆ ವರಮಹಾಲಕ್ಷ್ಮಿ, ಅದರ ಬೆನ್ನಿಗೇ ಗೌರಿ ಗಣೇಶ, ನವರಾತ್ರಿ, ದೀಪಾವಳಿ. ಮಗುವಿನ ಮೊದಲ ವರ್ಷದಲ್ಲಿ ಹಬ್ಬಕ್ಕೆ ಹಿಂದೆ ಒಪ್ಪುತ್ತಿದ್ದ ಬಟ್ಟೆಯ ಅರ್ಧವನ್ನಷ್ಟೇ ಒಪ್ಪಿ, ಮುಂಗಡ ಪಡೆದು, ಕೊಡುವ ತಾರೀಕನ್ನು ಗಿರಾಕಿಯ ಎದುರಿಗೇ ಪುಸ್ತಕದಲ್ಲಿ ಬರೆದಿಡಬೇಕು. ಮಗುವಿನ ಚುಚ್ಚುಮದ್ದಿನ ದಿನಗಳು ತಾಯಿ ಕಾರ್ಡಿನಲ್ಲಿ ಮೊದಲೇ ನಮೂದಾಗಿರುತ್ತವೆ. ಅಂದು ರಾತ್ರಿ ಜ್ವರ ಬರುವುದು ಸಾಮಾನ್ಯವಾದ್ದರಿಂದ ಅದರ ಮರುದಿನಕ್ಕೆ ಯಾರಿಗೂ ಮಾತು ಕೊಡಬಾರದು. ಹಬ್ಬಕ್ಕೆ ಹತ್ತು ದಿನವಿರುವಾಗಲೇ ಹೊಸ ಬಟ್ಟೆ ತೆಗೆದುಕೊಳ್ಳುವುದನ್ನು ನಿಲ್ಲಿಸಿ, ಆ ದಿನಗಳನ್ನು ಹುಕ್ಕು, ಹೆಮ್ಮಿಂಗ್ ಮತ್ತು ಹಾಕಿ ನೋಡಿದವರು ಬಿಗಿ ಸಡಿಲವೆಂದು ವಾಪಸು ತಂದುಕೊಡುವ ರವಿಕೆಗಳಿಗಾಗಿ ಬಿಟ್ಟುಕೊಳ್ಳಬೇಕು.

ನಮಸ್ಕಾರ.