ಕೊಡಗಿನ ಕೆಂಪು ಹರಳು: ಹೆಕ್ಕಿ, ಅಗೆಯಬೇಡಿ

(ದೃಶ್ಯ: ಅಂಗೈ ಮೇಲೆ ಕಡಲೆ ಗಾತ್ರದ ಹರಳು)

ಎಲ್ಲರಿಗೂ ನಮಸ್ಕಾರ. ಇದು ಗಾರ್ನೆಟ್. ಕೊಡಗಲ್ಲಿ ಹರಳು ಕಲ್ಲು, ಕೆಂಪು ಕಲ್ಲು ಅಂತಾರೆ. ತೋಟದವರನ್ನ ಕೇಳ್ಕೊಂಡು, ಅವರ ತೋಡಿನ ಮರಳಲ್ಲಿ ಹೆಕ್ಕಿದ್ದು. ನೆರಳಲ್ಲಿ ಕಪ್ಪಗೆ ಕಾಣುತ್ತೆ, ಬಿಸಿಲಿಗೆ ಹಿಡಿದ್ರೆ ಎಷ್ಟು ಚಂದ ಕೆಂಪು! ಅಂಚು ಸವೆದಿದೆ. ಬಂಡೆಯೊಳಗೆ ಚೆನ್ನಾಗಿ ಬೆಳೆದ ಹರಳಿಗೆ 12 ಮುಖ ಇರೋದುಂಟು. ಚಾಕುವಿಂದ ಗೀರಿದ್ರೂ ಗೆರೆ ಬೀಳಲ್ಲ. ಗಾಜಿನ ಮೇಲೆ ಎಳೆದ್ರೆ ಗೀರು ಬೀಳೋದು ಗಾಜಿಗೇ.

(ದೃಶ್ಯ: ತೋಡಿನ ತಿರುವು, ಕರಿಮರಳು)

ಮಾಮೂಲಿ ಮರಳು ಅಷ್ಟೇ ಗಾತ್ರದ ನೀರಿಗಿಂತ ಎರಡೂವರೆ ಪಟ್ಟು ಭಾರ, ಗಾರ್ನೆಟ್ ಸುಮಾರು ನಾಲ್ಕು ಪಟ್ಟು. ಅದಕ್ಕೇ ಮಳೆನೀರು ಹಗುರವಾದದ್ದನ್ನ ಒಯ್ಯುತ್ತೆ, ಇದು ತಿರುವಿನ ಒಳಬದಿಯಲ್ಲಿ, ಬಂಡೆ ಹಿಂದೆ ಕರಿಮರಳಿನ ಜೊತೆ ಉಳಿಯುತ್ತೆ. ಅಲ್ಲಿಂದ ಒಂದು ಬೊಗಸೆ ತಗೊಂಡು, ಅಗಲ ತಟ್ಟೆಯಲ್ಲಿ ಅಕ್ಕಿ ಜಾಲಿಸಿದ ಹಾಗೆ ಜಾಲಿಸಿ. ಮಳೆಗಾಲದಲ್ಲಿ ಮಾತ್ರ ತೋಡಿಗೆ ಇಳಿಯಲೇಬೇಡಿ.

(ದೃಶ್ಯ: ರಸ್ತೆ ಬದಿಯ ಒಡೆದ ಬಂಡೆ)

ಇನ್ನು ಈ ಬಂಡೆ, ಚಾರ್ನೊಕೈಟ್. ಹೊರಗೆ ಕಂದು, ಒಡೆದ ಕಡೆ ಎಣ್ಣೆ ಸವರಿದಂಥ ಹಸಿರು-ಬೂದು. ನೆಲದಾಳದಲ್ಲಿ, ನೀರಿನಂಶ ತೀರಾ ಕಡಿಮೆ ಇರೋ ಭಾರಿ ಕಾವಿನಲ್ಲಿ ಆದ ಕಲ್ಲು. ಇಲ್ಲಿನ ಶಿಲೆಗಳಲ್ಲಿರೋ ಜಿರ್ಕಾನ್ ಅನ್ನೋ ಪುಟ್ಟ ಹರಳಲ್ಲಿ ಯುರೇನಿಯಂ ನಿಧಾನಕ್ಕೆ ಸೀಸವಾಗುತ್ತೆ; ಎರಡನ್ನೂ ಅಳೆದು ಹೇಳಿರೋ ವಯಸ್ಸು 300 ಕೋಟಿ ವರ್ಷಕ್ಕೂ ಮೇಲೆ. ಹಿಮಾಲಯ ಏಳೋಕೆ ಶುರುವಾಗಿ ಸುಮಾರು 5 ಕೋಟಿ ವರ್ಷ ಅಷ್ಟೇ! ಭೂವಿಜ್ಞಾನಿಗಳು ಕೊಡಗಿನ ಈ ಶಿಲಾನೆಲವನ್ನ ಕೂರ್ಗ್ ಬ್ಲಾಕ್ ಅಂತ ಬೇರೆ ತುಂಡಾಗಿಯೇ ಗುರುತಿಸ್ತಾರೆ. ಕರ್ನಾಟಕದ ಬಹುಭಾಗದ ತಳದಲ್ಲಿರೋ ಧಾರವಾಡ ಶಿಲಾಖಂಡಕ್ಕೆ ಅದು ಕೂಡೋ ಗಡಿ ಮಡಿಕೇರಿ ಸೀಮೆಯಲ್ಲೇ ಹಾದುಹೋಗುತ್ತೆ. ಆ ಪಟ್ಟಿಯ ಶಿಲೆಗಳಲ್ಲಿ ಗಾರ್ನೆಟ್ ಜೊತೆ ಕಯನೈಟ್ ಅನ್ನೋ ನೀಲಿ ಖನಿಜ ಕೂಡ ಇದೆ.

ಈಗ ನನಗೆ ನೋವು ತರೋ ವಿಷಯ. ಇದೇ ಗಾರ್ನೆಟ್ ಹರಳಿಗಾಗಿ ಕಾಡಲ್ಲಿ ಕದ್ದು ಗುಂಡಿ ತೋಡ್ತಾರೆ. 1963ರ ಕರ್ನಾಟಕ ಅರಣ್ಯ ಕಾಯ್ದೆ ಪ್ರಕಾರ ಕಾಡಿನ ಕಲ್ಲು, ಖನಿಜ ಕೂಡ ಅರಣ್ಯ ಉತ್ಪನ್ನ. ಪುಷ್ಪಗಿರಿ, ತಲಕಾವೇರಿ, ಬ್ರಹ್ಮಗಿರಿ ವನ್ಯಧಾಮಗಳಿಂದ ಒಂದು ಹರಳನ್ನೂ ತರಬೇಡಿ. ಕಾನೂನು ಹಾಗಿರಲಿ, ನಮ್ಮ ಬೆಟ್ಟದ ಮೈಯೇ ಶಿಥಿಲ. ಬಂಡೆ ಕೊಳೆತು ಆದ ದಪ್ಪ ಮಣ್ಣು ಇಳಿಜಾರಲ್ಲಿ ಕೂತಿದೆ. ಅದನ್ನ ಕೆದಕಿದ್ರೆ ನೀರಿಗೆ ದಾರಿ ಕೊಟ್ಟ ಹಾಗೆ. 2018ರ ಆಗಸ್ಟಲ್ಲಿ ಮಕ್ಕಂದೂರು, ಜೋಡುಪಾಲದ ಕಡೆ ಬರೆ ಜರಿದು ಎಷ್ಟು ಮನೆ ಹೋಯ್ತು ಅಂತ ಕೊಡಗಿನವರಿಗೆ ಹೇಳಬೇಕಾ?

ಬಂಡೆಯಲ್ಲೇ ಕೂತ ಹರಳನ್ನ ಸುತ್ತಿಗೆಯಿಂದ ಎಬ್ಬಿಸಬೇಡಿ, ಪುಡಿಯಾಗುತ್ತೆ. ಪಕ್ಕದಲ್ಲಿ ನಾಣ್ಯ ಇಟ್ಟು ಫೋಟೋ ತೆಗೀರಿ. ಹೆಕ್ಕಿದ್ದನ್ನ ಪೊಟ್ಟಣ ಕಟ್ಟಿ, ಊರು, ತೋಡು, ತಾರೀಖು ಬರೆದಿಡಿ. ಎಲ್ಲಿಯದು ಅಂತ ಗೊತ್ತಿದ್ರೆ ಭೂವಿಜ್ಞಾನ ಓದೋ ಮಕ್ಕಳಿಗೂ ಅದು ಉಪಯೋಗಕ್ಕೆ ಬರುತ್ತೆ.